ಪೊಲೀಸರಿಗೆ ಕರೆ ಮಾಡುವುದು ಹೇಗೆ: ಮೊದಲ ಮಾತಿನಿಂದ ದೂರಿನ ಪ್ರತಿಯವರೆಗೆ

ರಾತ್ರಿ ಎರಡರ ಸುಮಾರಿಗೆ ಪಕ್ಕದ ಮನೆಯ ಬಾಗಿಲನ್ನು ಯಾರೋ ಒದೆಯುತ್ತಿದ್ದ ಸದ್ದಿಗೆ ಎಚ್ಚರಗೊಂಡು ನಾನು ಜೀವನದಲ್ಲಿ ಮೊದಲ ಬಾರಿಗೆ ಪೊಲೀಸರಿಗೆ ಕರೆ ಮಾಡಿದಾಗ, ಆ ಕಡೆಯಿಂದ ಬಂದ ಮೊದಲ ಪ್ರಶ್ನೆ “ಎಲ್ಲಿಂದ ಮಾತಾಡ್ತಾ ಇದ್ದೀರಿ?” ಎಂಬುದಾಗಿತ್ತು. “ನಮ್ಮ ಮನೆಯಿಂದ” ಎಂದು ಉತ್ತರಿಸಿದೆ. ಹನ್ನೊಂದು ವರ್ಷದಿಂದ ವಾಸವಾಗಿದ್ದ ಬೀದಿಯ ಅಡ್ಡರಸ್ತೆಯ ಸಂಖ್ಯೆ ಆ ಹೊತ್ತಿನಲ್ಲಿ ನಾಲಗೆಗೆ ಬರಲಿಲ್ಲ. ತಡವರಿಸುತ್ತ ಹೇಳಿದ ಸಂಖ್ಯೆಯೂ ತಪ್ಪಾಗಿತ್ತು. ಸ್ವಲ್ಪ ಹೊತ್ತಿನ ನಂತರ ಮಹಡಿಯ ಮೇಲೆ ನಿಂತು ನೋಡಿದರೆ ಗಸ್ತು ವಾಹನದ ಕೆಂಪು ನೀಲಿ ಬೆಳಕು ನಮ್ಮ ಹಿಂದಿನ ಬೀದಿಯಲ್ಲಿ ನಿಧಾನವಾಗಿ ಸಾಗಿ, ತಿರುವಿನಲ್ಲಿ ಮರೆಯಾಯಿತು. ಅದು ಮತ್ತೆ ಸುತ್ತಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಒದೆಯುತ್ತಿದ್ದವರು ಹೊರಟುಹೋಗಿದ್ದರು. ಆ ಮನೆಯಲ್ಲಿ ಒಬ್ಬರೇ ಇದ್ದ ಹಿರಿಯ ಹೆಂಗಸು ಬಾಗಿಲಿಗೆ ಕುರ್ಚಿಯನ್ನು ಒತ್ತಿಟ್ಟು ಅದರ ಮೇಲೆಯೇ ಕುಳಿತಿದ್ದರು.

ಆ ರಾತ್ರಿಯ ನಂತರ ಪರಿಚಿತರಲ್ಲಿ ಯಾರು ಪೊಲೀಸರಿಗೆ ಕರೆ ಮಾಡಿದ್ದರೂ ಅವರನ್ನು ಕೂರಿಸಿಕೊಂಡು ವಿವರವಾಗಿ ಕೇಳುವುದು ನನಗೆ ರೂಢಿಯಾಯಿತು. ಕರೆ ಮಾಡಲು ಹಿಂಜರಿದವರು, ಪ್ರಶ್ನೆಗಳಿಂದ ಸಿಟ್ಟಿಗೆದ್ದು ಫೋನ್ ಇಟ್ಟವರು, ವಾಹನ ಬಂದರೂ ದೂರು ದಾಖಲಾಗದೆ ಉಳಿದವರು, ಎಲ್ಲರೂ ಸಿಕ್ಕರು. ಅವರೆಲ್ಲರ ಮಾತಿನಿಂದ ನನಗೆ ಮನವರಿಕೆಯಾದ ವಿಷಯ ಒಂದೇ: ಕರೆ ಸ್ವೀಕರಿಸಿದವರಿಗೆ ನಿಮ್ಮ ಕಣ್ಣಿಲ್ಲ, ನಿಮ್ಮ ಮಾತು ಮಾತ್ರ ಇದೆ, ಆದ್ದರಿಂದ ಏನನ್ನು ಮೊದಲು ಹೇಳಬೇಕು ಎಂಬುದನ್ನು ಶಾಂತವಾಗಿರುವ ದಿನವೇ ಕಲಿತಿರಬೇಕು.

ಕರೆ ಮಾಡಬೇಕೇ, ಬೇಡವೇ?

ಬಹುತೇಕರ ಮೊದಲ ಅಡಚಣೆ ಇರುವುದು ಫೋನಿನಲ್ಲಲ್ಲ, ಮನಸ್ಸಿನಲ್ಲಿ. “ಬೇರೆ ಯಾರಾದರೂ ಆಗಲೇ ಮಾಡಿರುತ್ತಾರೆ” ಎಂಬ ಎಣಿಕೆ ಎಷ್ಟು ಬಲವಾದದ್ದು ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಬೇರೆ ಕೊಠಡಿಯಲ್ಲಿ ಒಬ್ಬರಿಗೆ ಮೂರ್ಛೆ ಬಂದಂತೆ ಧ್ವನಿಯ ಮೂಲಕ ಕೇಳಿಸಿದಾಗ, ಅದನ್ನು ಕೇಳಿಸಿಕೊಂಡವರು ತಾವೊಬ್ಬರೇ ಎಂದು ನಂಬಿದ್ದವರಲ್ಲಿ ಶೇ. 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ನೆರವು ಕೋರಲು ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದ್ದವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಗುಂಪಿನಲ್ಲಿದ್ದವರು ಕಲ್ಲುಹೃದಯದವರಾಗಿರಲಿಲ್ಲ, ಹೊಣೆ ಹಂಚಿಹೋಗಿತ್ತು ಅಷ್ಟೆ. ಆದ್ದರಿಂದ ರಸ್ತೆಯಲ್ಲಿ ಹತ್ತು ಜನ ನಿಂತಿದ್ದರೆ ಯಾರೂ ಕರೆ ಮಾಡಿಲ್ಲ ಎಂದೇ ಎಣಿಸಿ ನೀವು ಮಾಡಿ. ಒಂದೇ ಘಟನೆಗೆ ಮೂರು ಕರೆ ಹೋದರೆ ಪೊಲೀಸ್ ನಿಯಂತ್ರಣ ಕೊಠಡಿಯಲ್ಲಿರುವವರು ಅವನ್ನು ಒಂದೇ ಪ್ರಕರಣವೆಂದು ಜೋಡಿಸಿಕೊಳ್ಳುತ್ತಾರೆ. ಒಂದೂ ಹೋಗದಿದ್ದರೆ ಯಾರೂ ಬರುವುದಿಲ್ಲ.

ತುರ್ತು ಸಂಖ್ಯೆಗೆ ಕರೆ ಮಾಡಬೇಕಾದದ್ದು ಯಾರದಾದರೂ ಜೀವಕ್ಕೆ ಈಗಲೇ ಅಪಾಯವಿದ್ದಾಗ, ಅಪರಾಧ ಈ ಕ್ಷಣ ನಡೆಯುತ್ತಿದ್ದಾಗ, ಅಥವಾ ಮಾಡಿದವರು ಇನ್ನೂ ಅಲ್ಲೇ ಆಸುಪಾಸಿನಲ್ಲಿದ್ದಾಗ. ನಿನ್ನೆ ಯಾವಾಗಲೋ ಕಳುವಾದ ಸೈಕಲ್, ಕಳೆದುಹೋದ ಗುರುತಿನ ಚೀಟಿ ಇಂಥವುಗಳಿಗೆ ಠಾಣೆಯ ನೇರ ಸಂಖ್ಯೆ ಅಥವಾ ಪೊಲೀಸ್ ಜಾಲತಾಣ ಸರಿಯಾದ ದಾರಿ. ಬ್ರಿಟನ್ನಿನಲ್ಲಿ ಇದಕ್ಕೆಂದೇ 101 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ಮಾತ್ರ ‘ನಾಳೆ ನೋಡೋಣ’ ಎನ್ನಬೇಡಿ. ಭಾರತದಲ್ಲಿ 1930 ಎಂಬ ಸಹಾಯವಾಣಿಗೆ ಆಗಲೇ ಕರೆ ಮಾಡಬೇಕು, ಏಕೆಂದರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋದಂತೆ ಅದನ್ನು ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ. ಯಾರಾದರೂ ಮಾನಸಿಕವಾಗಿ ಕುಸಿದಿದ್ದು, ಅವರಿಂದ ಇತರರಿಗೆ ಅಪಾಯವಿಲ್ಲದಿದ್ದರೆ, ಅವರಿಗೆ ಬೇಕಾಗಿರುವುದು ಸಮವಸ್ತ್ರವಲ್ಲ. ಅಮೆರಿಕದಲ್ಲಿ 2022ರಿಂದ ಇಂಥ ಸಂಕಟಗಳಿಗೆ 988 ಎಂಬ ಬೇರೆಯೇ ಸಂಖ್ಯೆ ಇರುವುದು ಈ ಕಾರಣಕ್ಕಾಗಿಯೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಅನುಮಾನಾಸ್ಪದ ವ್ಯಕ್ತಿ’ ಎಂದು ಕರೆ ಮಾಡುವ ಮೊದಲು, ಆ ವ್ಯಕ್ತಿ ಮಾಡುತ್ತಿರುವುದೇನು ಎಂದು ಒಂದು ವಾಕ್ಯದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. “ನಿಲ್ಲಿಸಿದ ಕಾರುಗಳ ಬಾಗಿಲನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದಾನೆ” ಎಂಬುದು ಮಾಹಿತಿ. “ಈ ಕಡೆಯವನ ಹಾಗೆ ಕಾಣುವುದಿಲ್ಲ” ಎಂಬುದು ಮಾಹಿತಿಯಲ್ಲ. ಉಡುಪು, ಮೈಬಣ್ಣ, ಭಾಷೆಯನ್ನು ತೆಗೆದುಹಾಕಿದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ಕರೆ ಮಾಡಬೇಡಿ. ತಪ್ಪು ಮಾಡದ ಒಬ್ಬರನ್ನು ರಸ್ತೆಯ ಮಧ್ಯೆ ನಿಲ್ಲಿಸಿ ಪ್ರಶ್ನಿಸುವಂತೆ ಮಾಡುವ ಶಕ್ತಿ ನಿಮ್ಮ ಫೋನಿಗಿದೆ.

ಯಾವ ಸಂಖ್ಯೆ, ಎಲ್ಲಿಗೆ ಹೋಗುತ್ತದೆ?

ಒಂದು ಸುಲಭವಾದ ಸಂಖ್ಯೆ ಬೇಕೆಂಬ ತಿಳಿವಳಿಕೆ ಸಾವುಗಳಿಂದ ಬಂದದ್ದು. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಅಗ್ನಿಶಾಮಕ ದಳಕ್ಕೆ ತಿಳಿಸಲು ಫೋನ್ ಎತ್ತಿಕೊಂಡ ನೆರೆಯವರೊಬ್ಬರು ದೂರವಾಣಿ ವಿನಿಮಯ ಕೇಂದ್ರದ ಸರದಿಯಲ್ಲಿ ಕಾಯುತ್ತಲೇ ಇದ್ದರು. ಆ ದುರಂತದ ಬೆನ್ನಿಗೆ 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಆರಂಭವಾಯಿತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರಲ್ಲಿ. ಯುರೋಪಿನ ದೇಶಗಳು 1991ರಲ್ಲಿ 112 ಅನ್ನು ಸಮಾನ ಸಂಖ್ಯೆಯಾಗಿ ಒಪ್ಪಿದವು. ಭಾರತವೂ ಈಗ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112 ಅನ್ನೇ ಬಳಸುತ್ತದೆ. ಪ್ರವಾಸಕ್ಕೆ ಹೊರಡುವ ಮುನ್ನ ಹೋಗುವ ದೇಶದ ಸಂಖ್ಯೆಯನ್ನು ತಿಳಿದುಕೊಂಡಿರಿ.

ಬೀಗ ಹಾಕಿದ ಮೊಬೈಲ್ ಪರದೆಯ ಮೇಲೆಯೂ ತುರ್ತು ಕರೆಯ ಗುಂಡಿ ಇರುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಸಿಮ್ ಇಲ್ಲದ ಫೋನಿನಿಂದಲೂ ತುರ್ತು ಕರೆ ಹೋಗುತ್ತದೆ ಎಂಬ ಮಾತು ಎಲ್ಲ ದೇಶಗಳಲ್ಲೂ ನಿಜವಲ್ಲ, ಅದನ್ನು ನೆಚ್ಚಬೇಡಿ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ತುರ್ತು ಕರೆ ಸಾಮಾನ್ಯವಾಗಿ ನೀವು ಇರುವ ಪ್ರದೇಶದ ನಿಯಂತ್ರಣ ಕೊಠಡಿಗೆ ಹೋಗುತ್ತದೆ, ಘಟನೆ ನಡೆಯುತ್ತಿರುವ ಪ್ರದೇಶದ್ದಕ್ಕೆ ಅಲ್ಲ. ಬೇರೆ ಊರಿನಲ್ಲಿ ಒಂಟಿಯಾಗಿರುವ ತಾಯಿ “ಯಾರೋ ಬಾಗಿಲು ತಟ್ಟುತ್ತಿದ್ದಾರೆ” ಎಂದು ಮಗನಿಗೆ ಫೋನ್ ಮಾಡುತ್ತಾರೆ, ಮಗ ತಾನಿರುವಲ್ಲಿಂದ ತುರ್ತು ಸಂಖ್ಯೆ ಒತ್ತುತ್ತಾನೆ, ಆ ಕರೆಯನ್ನು ವರ್ಗಾಯಿಸುವುದರಲ್ಲಿ ಅಮೂಲ್ಯ ನಿಮಿಷಗಳು ಕಳೆಯುತ್ತವೆ. ತಂದೆತಾಯಿ ವಾಸಿಸುವ ಕಡೆಯ ಠಾಣೆಯ ನೇರ ಸಂಖ್ಯೆಯನ್ನೂ, ಅಲ್ಲಿನ ಒಬ್ಬ ನೆರೆಯವರ ಸಂಖ್ಯೆಯನ್ನೂ ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ.

ಮೊದಲ ಇಪ್ಪತ್ತು ಸೆಕೆಂಡು

ಮೊದಲು ಸ್ಥಳ. ಹೆಸರಲ್ಲ, ಕಾರಣವಲ್ಲ, ಹಿನ್ನೆಲೆಯಲ್ಲ. ಕರೆ ನಡುವೆಯೇ ಕಡಿದುಹೋದರೂ ಸ್ಥಳ ಗೊತ್ತಿದ್ದರೆ ವಾಹನವನ್ನು ಕಳುಹಿಸಬಹುದು. ಉಳಿದೆಲ್ಲ ಗೊತ್ತಿದ್ದು ಸ್ಥಳ ಮಾತ್ರ ಗೊತ್ತಿಲ್ಲದಿದ್ದರೆ ಕಳುಹಿಸುವುದು ಎಲ್ಲಿಗೆ? “ಮೊಬೈಲಿನಿಂದ ಅವರಿಗೆ ಎಲ್ಲವೂ ಕಾಣುತ್ತದೆ” ಎಂಬ ನಂಬಿಕೆ ಅರ್ಧ ನಿಜ. ಕೆಲವು ಫೋನುಗಳು ಕೆಲವು ದೇಶಗಳಲ್ಲಿ ತುರ್ತು ಕರೆಯ ಜೊತೆಗೇ ನಿಖರವಾದ ಸ್ಥಳವನ್ನು ರವಾನಿಸುತ್ತವೆ. ಅದು ಸಾಧ್ಯವಾಗದ ಕಡೆ ಮೊಬೈಲ್ ಗೋಪುರದ ಆಧಾರದ ಮೇಲೆ ಸಿಗುವ ಅಂದಾಜು ನೂರಾರು ಮೀಟರ್‌ಗಳಿಂದ ಕೆಲವು ಕಿಲೋಮೀಟರ್‌ಗಳವರೆಗೂ ಹರಡಿರುತ್ತದೆ. ಎಂಟನೇ ಮಹಡಿಯೋ ಎರಡನೆಯದೋ ಎಂಬುದನ್ನಂತೂ ನೀವೇ ಹೇಳಬೇಕು.

ವಿಳಾಸ ಗೊತ್ತಿಲ್ಲದ ಕಡೆ ಸುತ್ತ ನೋಡಿ: ಅಂಗಡಿಯ ಫಲಕದ ಕೆಳಗೆ ಸಣ್ಣ ಅಕ್ಷರದಲ್ಲಿ ವಿಳಾಸವಿರುತ್ತದೆ, ವಿದ್ಯುತ್ ಕಂಬಕ್ಕೆ ಸಂಖ್ಯೆಯಿರುತ್ತದೆ, ಹೆದ್ದಾರಿಯ ಪಕ್ಕದಲ್ಲಿ ಕಿಲೋಮೀಟರ್ ಕಲ್ಲು ಇರುತ್ತದೆ. ಹೆದ್ದಾರಿಯಲ್ಲಿದ್ದರೆ ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನು ಮರೆಯದೆ ಹೇಳಿ, ಇಲ್ಲವಾದರೆ ವಾಹನ ವಿಭಜಕದ ಆಚೆ ಬದಿಗೆ ಬಂದು ನಿಲ್ಲುತ್ತದೆ. ಫೋನಿನ ನಕ್ಷೆಯಲ್ಲಿ ನೀವಿರುವ ನೀಲಿ ಚುಕ್ಕೆಯನ್ನು ಒತ್ತಿ ಹಿಡಿದರೆ ಕಾಣುವ ಅಕ್ಷಾಂಶ ರೇಖಾಂಶಗಳನ್ನು ಅಂಕಿ ಅಂಕಿಯಾಗಿ ಓದಿ ಹೇಳಬಹುದು.

ಸ್ಥಳದ ನಂತರ ಏನಾಗುತ್ತಿದೆ ಎಂಬುದು ಒಂದೇ ವಾಕ್ಯದಲ್ಲಿ. ಆಮೇಲೆ ಯಾರಿಗಾದರೂ ಪೆಟ್ಟಾಗಿದೆಯೇ, ಆಯುಧವಿದೆಯೇ, ಎಷ್ಟು ಜನ, ಇನ್ನೂ ಅಲ್ಲಿದ್ದಾರೆಯೇ ಅಥವಾ ಯಾವ ದಿಕ್ಕಿಗೆ ಹೋದರು. ಕೊನೆಗೆ ನಿಮ್ಮ ಹೆಸರು ಮತ್ತು ಮರಳಿ ಕರೆಯಬಹುದಾದ ಸಂಖ್ಯೆ. ಅಂದು ನಾನು ಹೇಳಬೇಕಾಗಿದ್ದ ಮಾತು ಇಷ್ಟು: “ಮನೆ ಸಂಖ್ಯೆ 27, ಮೂರನೇ ಅಡ್ಡರಸ್ತೆ, ನೀರಿನ ಟ್ಯಾಂಕಿನ ಎದುರು. ಇಬ್ಬರು ಗಂಡಸರು ಪಕ್ಕದ ಮನೆಯ ಬಾಗಿಲು ಒದೆಯುತ್ತಿದ್ದಾರೆ. ಒಳಗೆ ವಯಸ್ಸಾದವರು ಒಬ್ಬರೇ ಇದ್ದಾರೆ. ಒಬ್ಬನ ಕೈಯಲ್ಲಿ ಕಬ್ಬಿಣದ ಸರಳಿದೆ. ಇನ್ನೂ ಇಲ್ಲೇ ಇದ್ದಾರೆ.” ಬದಲಿಗೆ ನಾನು “ನೋಡಿ ಸಾರ್, ನಮ್ಮ ಪಕ್ಕದಲ್ಲಿ ಒಬ್ಬರು ಇದ್ದಾರೆ, ತುಂಬಾ ಒಳ್ಳೆಯವರು, ಅವರ ಮಕ್ಕಳೆಲ್ಲ ದೂರದಲ್ಲಿ…” ಎಂದು ಶುರುಮಾಡಿದ್ದೆ.

ಕಂಡದ್ದನ್ನು ‘ನೋಡಿದೆ’ ಎಂದೂ, ಕೇಳಿದ್ದನ್ನು ‘ಕೇಳಿಸಿತು’ ಎಂದೂ ಬೇರೆಬೇರೆಯಾಗಿ ಹೇಳಿ. ಬೇಗ ಬರಲೆಂದು “ಚಾಕು ಇದೆ” ಎಂದು ಸುಳ್ಳು ಸೇರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಾಕು ಇದೆಯೆಂದು ನಂಬಿ ಬಂದ ಪೊಲೀಸರು ಅಲ್ಲಿರುವ ಪ್ರತಿಯೊಬ್ಬರ ಕೈಯನ್ನೂ, ನಿಮ್ಮ ಕಡೆಯವರ ಕೈಯನ್ನೂ ಆ ಭಯದಿಂದಲೇ ನೋಡುತ್ತಾರೆ.

ಇಷ್ಟೊಂದು ಪ್ರಶ್ನೆ ಏಕೆ?

ನಾನು ಕೇಳಿದ ಅನುಭವಗಳಲ್ಲಿ ಅತಿ ಹೆಚ್ಚು ಸಿಟ್ಟು ಕಂಡದ್ದು ಈ ಘಟ್ಟದಲ್ಲಿ. “ಕಳುಹಿಸುವುದು ಬಿಟ್ಟು ಬರೀ ಪ್ರಶ್ನೆ ಕೇಳುತ್ತಾ ಕೂತಿದ್ದರು” ಎಂಬುದು ಎಲ್ಲರ ದೂರು. ಆದರೆ ವ್ಯವಸ್ಥಿತವಾದ ನಿಯಂತ್ರಣ ಕೊಠಡಿಯಲ್ಲಿ ಕೇಳುವವರು ಒಬ್ಬರು, ವಾಹನ ಕಳುಹಿಸುವವರು ಮತ್ತೊಬ್ಬರು. ನೀವು ಹೇಳಿದ್ದನ್ನು ಮೊದಲಿನವರು ಟೈಪ್ ಮಾಡುತ್ತಿದ್ದಂತೆಯೇ ಎರಡನೆಯವರ ಪರದೆಯಲ್ಲಿ ಅದು ಕಾಣುತ್ತದೆ. ನೀವು ಮೂರನೇ ಪ್ರಶ್ನೆಗೆ ಉತ್ತರಿಸುವಾಗ ವಾಹನ ಹೊರಟಿರಬಹುದು. ಎಷ್ಟು ಜನ, ಆಯುಧವಿದೆಯೇ ಎಂಬ ಪ್ರಶ್ನೆಗಳು ಒಂದು ವಾಹನ ಸಾಕೇ, ಜೊತೆಗೆ ಆಂಬುಲೆನ್ಸ್ ಬೇಕೇ ಎಂಬುದನ್ನು ನಿರ್ಧರಿಸುತ್ತವೆ. ಆದ್ದರಿಂದ “ಬೇಗ ಕಳುಹಿಸಿ” ಎಂದು ಹೇಳಿ ಫೋನ್ ಇಡಬೇಡಿ. ಅವರು “ಇಡಬಹುದು” ಎನ್ನುವವರೆಗೆ ಮಾತಿನಲ್ಲೇ ಇರಿ. ಇಟ್ಟ ಮೇಲೂ ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ತೆಗೆದುಕೊಳ್ಳಿ, ದಾರಿ ಕೇಳಲು ವಾಹನದಲ್ಲಿರುವವರೇ ಕರೆಯುತ್ತಿರಬಹುದು. ಕೊಠಡಿಯವರು ಪ್ರಕರಣದ ಸಂಖ್ಯೆ ಕೊಟ್ಟರೆ ಬರೆದಿಟ್ಟುಕೊಳ್ಳಿ. ಕೊಡದಿದ್ದರೆ ಕೇಳಿ ಪಡೆಯಿರಿ.

ಮಾತನಾಡಲು ಆಗದಿದ್ದಾಗ

ಹೊಡೆಯುವವರು ಅದೇ ಕೋಣೆಯಲ್ಲಿದ್ದರೆ ಮಾತನಾಡುವುದೇ ಅಪಾಯ. ಬ್ರಿಟನ್ನಿನಲ್ಲಿ ಮೊಬೈಲಿನಿಂದ 999ಕ್ಕೆ ಕರೆ ಮಾಡಿ ಮೌನವಾಗಿದ್ದರೆ, ಸೂಚನೆ ಬಂದಾಗ 55 ಒತ್ತಬೇಕು. ಆಗ ಕರೆ ಪೊಲೀಸರಿಗೆ ವರ್ಗವಾಗುತ್ತದೆ. ಒತ್ತದಿದ್ದರೆ ಅದು ಕೈತಪ್ಪಿ ಹೋದ ಕರೆಯೆಂದು ಕಡಿದುಹೋಗಬಹುದು. ಅಮೆರಿಕದ ಹಲವು ಕಡೆ 911ಕ್ಕೆ ಸಂದೇಶ ಬರೆದು ಕಳುಹಿಸಬಹುದು. ಭಾರತದಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ಪವರ್ ಗುಂಡಿಯನ್ನು ಮೂರು ಬಾರಿ ಬೇಗಬೇಗನೆ ಒತ್ತುವುದು, ಸಾದಾ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು ತುರ್ತು ಕರೆಯ ವಿಧಾನವೆಂದು 2016ರ ನಿಯಮ ಹೇಳುತ್ತದೆ. ಎಲ್ಲ ಮಾದರಿಗಳ ವರ್ತನೆ ಒಂದೇ ರೀತಿ ಇರುವುದಿಲ್ಲವಾದ್ದರಿಂದ ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ಅದು ಹೇಗಿದೆ ಎಂದು ನೋಡಿಕೊಳ್ಳಿ.

ಮಾತು ಸಾಧ್ಯವಿದ್ದೂ ವಿಷಯ ಹೇಳಲು ಸಾಧ್ಯವಿಲ್ಲದಿದ್ದರೆ, ಗೆಳತಿಯೊಂದಿಗೆ ಮಾತನಾಡುವಂತೆ ವಿಳಾಸವನ್ನು ಹೇಳಿ. ಸೂಕ್ಷ್ಮವಿರುವ ಸಿಬ್ಬಂದಿ ‘ಹೌದು’, ‘ಇಲ್ಲ’ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳಿಗೆ ಬದಲಾಗುತ್ತಾರೆ. ವಿಡಿಯೊ ಕರೆಯಲ್ಲಿ ಯಾರಾದರೂ ಅಂಗೈ ತೋರಿಸಿ, ಹೆಬ್ಬೆರಳನ್ನು ಒಳಗೆ ಮಡಚಿ, ಅದರ ಮೇಲೆ ಉಳಿದ ನಾಲ್ಕು ಬೆರಳುಗಳನ್ನು ಮುಚ್ಚಿದರೆ ಅದು ನೆರವಿನ ಕೋರಿಕೆ. ಕೆನಡಾದ ಮಹಿಳಾ ಪ್ರತಿಷ್ಠಾನವೊಂದು 2020ರಲ್ಲಿ ರೂಢಿಗೆ ತಂದ ಈ ಸಂಜ್ಞೆಯನ್ನು ಮನೆಯ ಮಕ್ಕಳಿಗೂ ಕಲಿಸಿರಿ.

ಕೈತಪ್ಪಿ ತುರ್ತು ಸಂಖ್ಯೆಗೆ ಕರೆ ಹೋದರೆ ಗಾಬರಿಯಿಂದ ಕಡಿಯಬೇಡಿ. “ತಪ್ಪಿ ಬಂತು, ಎಲ್ಲ ಸರಿಯಿದೆ” ಎಂದು ಹೇಳಿ ಮುಗಿಸಿ. ಕಡಿದರೆ ನಿಮಗೇನಾಯಿತೋ ಎಂದು ಅವರು ಮರಳಿ ಕರೆಯಬೇಕಾಗುತ್ತದೆ.

ವಾಹನ ಬರುವವರೆಗೆ

ಹೊರಗಿನ ದೀಪ ಹಾಕಿ, ನಾಯಿಯನ್ನು ಕಟ್ಟಿ, ಅಪಾಯವಿಲ್ಲದಿದ್ದರೆ ಒಬ್ಬರು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ. ಕಳ್ಳತನವಾಗಿದ್ದರೆ ಚೆಲ್ಲಾಪಿಲ್ಲಿಯಾದದ್ದನ್ನು ಒಪ್ಪವಾಗಿಡುವ ಆಸೆಯನ್ನು ತಡೆದುಕೊಳ್ಳಿ. ಆತ್ಮರಕ್ಷಣೆಗೆಂದು ಹಿಡಿದ ದೊಣ್ಣೆಯನ್ನು ಪೊಲೀಸರು ಒಳಬರುವ ಮೊದಲೇ ಕೆಳಗಿಡಿ, ಏಕೆಂದರೆ ಯಾರು ಯಾರೆಂದು ಅವರಿಗೆ ಇನ್ನೂ ತಿಳಿದಿರುವುದಿಲ್ಲ. ಪರಿಸ್ಥಿತಿ ಬದಲಾದರೆ, ಎಂದರೆ ತಪ್ಪು ಮಾಡಿದವರು ಓಡಿಹೋದರೆ ಅಥವಾ ಯಾರಿಗಾದರೂ ಪೆಟ್ಟಾದರೆ, ಮತ್ತೆ ಕರೆ ಮಾಡಿ ತಿಳಿಸಿ. ತಡವಾದರೂ ಅಷ್ಟೇ: ಪ್ರಕರಣದ ಸಂಖ್ಯೆ ಹೇಳಿ, ವಾಹನ ಎಲ್ಲಿದೆ ಎಂದು ಕೇಳಿ. ಅದು ತಂಟೆಯಲ್ಲ, ನಿಮ್ಮ ಹಕ್ಕು.

ಬಂದು ಹೋದ ಮೇಲೆ

ಬಹಳ ಮಂದಿ ಎಡವುವುದು ಇಲ್ಲಿ. ವಾಹನ ಬಂದು, ನಾಲ್ಕು ಮಾತು ಕೇಳಿ ಹೋದರೆ ದೂರು ದಾಖಲಾಯಿತೆಂದೇ ತಿಳಿಯುತ್ತಾರೆ. ಕರೆ ಬೇರೆ, ದೂರು ಬೇರೆ. ನಮ್ಮ ಪಕ್ಕದ ಮನೆಯವರೂ ಹಾಗೆಯೇ ತಿಳಿದು ಸುಮ್ಮನಾದರು. ವಾರದ ನಂತರ ವಿಚಾರಿಸಿದಾಗ ಬರಹದಲ್ಲಿ ಏನೂ ಇರಲಿಲ್ಲ. ಬಂದ ಸಿಬ್ಬಂದಿಯ ಹೆಸರು, ಠಾಣೆ, ಸಮಯವನ್ನು ಅವರೆದುರಿಗೇ ಬರೆದುಕೊಳ್ಳಿ ಮತ್ತು ಅದೇ ದಿನ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ದೂರಿನಲ್ಲಿ ದಿನಾಂಕ, ಸಮಯ, ಸ್ಥಳ, ನಡೆದದ್ದು ನಡೆದ ಕ್ರಮದಲ್ಲಿ, ಸಾಕ್ಷಿಗಳ ಹೆಸರು ಇರಲಿ. ನಿಮ್ಮ ಊಹೆಯನ್ನು ಊಹೆಯೆಂದೇ ಬರೆಯಿರಿ. ಅವರು ಬರೆದದ್ದಕ್ಕೆ ಸಹಿ ಹಾಕುವುದಾದರೆ ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಭಾರತದಲ್ಲಿ ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮಾಹಿತಿಯಲ್ಲಿ ಗಂಭೀರವಾದ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಕಾಣುತ್ತಿದ್ದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ ಮೊದಲು ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ ಮೂರು ದಿನಗಳ ಒಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯವರು ದೂರು ದಾಖಲಿಸಲು ನಿರಾಕರಿಸಿದರೆ ಅದರ ಸಾರಾಂಶವನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಕಳುಹಿಸಿದ ರಸೀದಿಯನ್ನು ಜೋಪಾನವಾಗಿಡಿ.

“ಕರೆ ಮಾಡಿದರೆ ಠಾಣೆ, ಕೋರ್ಟು ಅಂತ ಅಲೆಯಬೇಕಾಗುತ್ತದೆ” ಎಂಬ ಭಯ ಬರೀ ಕಲ್ಪನೆಯಲ್ಲ. ಸಾಕ್ಷಿಯಾದವರು ಕೆಲಸ ಬಿಟ್ಟು ಹೋಗಬೇಕಾಗಿ ಬಂದದ್ದನ್ನು ಬಲ್ಲೆ. ಆದರೆ ರಸ್ತೆ ಅಪಘಾತದಲ್ಲಿ ಗಾಯಾಳುವಿಗೆ ನೆರವಾದವರಿಗೆ ಭಾರತದಲ್ಲಿ ರಕ್ಷಣೆಯಿದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರನ್ನು ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ಕಾಪಾಡುತ್ತದೆ, ಹೆಸರು ಹೇಳುವಂತೆ ಅವರನ್ನು ಬಲವಂತಪಡಿಸುವಂತಿಲ್ಲ.

ಪಕ್ಕದ ಮನೆಯವರು ಮರುವಾರ ಲಿಖಿತ ದೂರು ಕೊಟ್ಟು ಪ್ರತಿಯನ್ನು ಪಡೆದರು. ಆಮೇಲೆ ನಾವಿಬ್ಬರೂ ಕೂತು ಒಂದು ಹಾಳೆಯಲ್ಲಿ ಮನೆ ಸಂಖ್ಯೆ, ಅಡ್ಡರಸ್ತೆ, ನೀರಿನ ಟ್ಯಾಂಕ್, ಠಾಣೆಯ ನೇರ ಸಂಖ್ಯೆ, ನನ್ನ ಸಂಖ್ಯೆ ಎಲ್ಲವನ್ನೂ ಹೇಳಬೇಕಾದ ಕ್ರಮದಲ್ಲೇ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದೆವು. ಕನ್ನಡಕ ಹುಡುಕುವಷ್ಟು ಸಮಯ ಇರುವುದಿಲ್ಲವೆಂದು ಅವರೇ ಅಕ್ಷರಗಳನ್ನು ಬೆರಳುದ್ದಕ್ಕೆ ಬರೆಸಿದರು.